ಕಂಠಪಾಠ ಮತ್ತು ಅರಿವು

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬುದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಓದಿನಿಂದ ದೊರೆಯುವುದು ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗವನ್ನು ಓದುವವನು ತನ್ನ ಬುದ್ಧಿಯಿಂದ ಸೇರಿಸಿಕೊಳ್ಳಬೇಕು ಎಂಬುದು ಇದರ ಭಾವ. ಈ ಮಾತನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಪರೀಕ್ಷೆ ಸಮೀಪಿಸಿದೊಡನೆ ಗಾದೆಯ ಲೆಕ್ಕ ತಲೆಕೆಳಗಾಗುತ್ತದೆ. ಉತ್ತರವನ್ನು ಅಕ್ಷರ ತಪ್ಪದಂತೆ ಒಪ್ಪಿಸಿದವನೇ ಜಾಣ, ನಡುವೆ ತಡವರಿಸಿದವನು ದಡ್ಡ ಎಂಬ ಎಣಿಕೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಬೇರೂರುತ್ತದೆ. ಒಪ್ಪಿಸಿದ ಮಾತಿನ ಅರ್ಥ ಅವನಿಗೆ ತಿಳಿದಿದೆಯೇ ಎಂದು ಕೇಳುವವರು ವಿರಳ. ನೆನಪಿನಲ್ಲಿ ಉಳಿಯುವುದು ಬೇರೆ, ಅರಿವಾಗುವುದು ಬೇರೆ. ಈ ಎರಡರ ಅಂತರವನ್ನು ವಿದ್ಯಾರ್ಥಿಯು ಎಷ್ಟು ಬೇಗ ಕಂಡುಕೊಂಡರೆ ಅಷ್ಟು ಒಳ್ಳೆಯದು.

ಬಸವಕಲ್ಯಾಣ ಮತ್ತು ಹುಮನಾಬಾದ ಬೀದರ ಜಿಲ್ಲೆಯ ನೆರೆಹೊರೆಯ ಎರಡು ತಾಲ್ಲೂಕುಗಳು. ಪಾಠಪುಸ್ತಕದಲ್ಲಿ ಬರುವ ಅನೇಕ ಸಂಗತಿಗಳು ಇಲ್ಲಿಯ ಹೊಲಗಳಲ್ಲಿ, ಗುಡಿಗಳಲ್ಲಿ, ಬೀದಿಗಳಲ್ಲಿ ಕಣ್ಣೆದುರಿಗೇ ಇವೆ. ಆದುದರಿಂದ ಈ ಅಂತರವನ್ನು ಪರೀಕ್ಷಿಸಿ ನೋಡಲು ಇದಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ.

ಭೂಗೋಳದ ಪಾಠವನ್ನೇ ತೆಗೆದುಕೊಳ್ಳಬಹುದು. ‘ಕಪ್ಪು ಮಣ್ಣು ತೇವಾಂಶವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ’ ಎಂಬ ವಾಕ್ಯವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯುತ್ತಾನೆ. ಅದನ್ನು ಒಪ್ಪಿಸುವ ಹುಡುಗನ ತಂದೆ, ಮಳೆಗಾಲ ಮುಗಿಯುತ್ತ ಬಂದಾಗ, ಎರೆಯ ಹೊಲದಲ್ಲಿ ಹಿಂಗಾರಿ ಜೋಳವನ್ನು ಬಿತ್ತುತ್ತಾನೆ. ಆಮೇಲೆ ಹೇಳಿಕೊಳ್ಳುವಂತಹ ಮಳೆ ಬಾರದಿದ್ದರೂ ಬೆಳೆ ತೆನೆಗಟ್ಟುತ್ತದೆ. ಪುಸ್ತಕದ ಆ ಒಂದು ವಾಕ್ಯಕ್ಕೂ ಹೊಲದಲ್ಲಿ ನಿಂತ ಜೋಳಕ್ಕೂ ಸಂಬಂಧವಿದೆ ಎಂಬುದು ಹೊಳೆಯದಿದ್ದರೆ, ವಾಕ್ಯ ನಾಲಗೆಯ ಮೇಲೆ ಉಳಿಯಿತೇ ಹೊರತು ಮನಸ್ಸಿಗೆ ಇಳಿಯಲಿಲ್ಲ ಎಂದೇ ಅರ್ಥ. ಸಂಬಂಧ ಹೊಳೆದ ಹುಡುಗನಾದರೋ ಅಲ್ಲಿಗೇ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಅದೇ ಹೊಲ ಏಕೆ ಬಿರುಕು ಬಿಡುತ್ತದೆ, ಎತ್ತರದ ದಿಬ್ಬದ ಕೆಂಪು ನೆಲ ಏಕೆ ಹಾಗೆ ಬಿರಿಯುವುದಿಲ್ಲ ಎಂದು ಕೇಳುತ್ತಾನೆ. ಸುಮಾರು 6.5 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸವೇ ದಖನ್ನಿನ ಈ ಭಾಗದ ತಳದಲ್ಲಿರುವ ಕರಿಯ ಶಿಲೆ. ಅದೇ ಶಿಲೆ ಶಿಥಿಲವಾಗಿ ಒಂದೆಡೆ ಎರೆಮಣ್ಣಾಗಿದೆ, ಇನ್ನೊಂದೆಡೆ ಜಂಬಿಟ್ಟಿಗೆಯಾಗಿದೆ. ಎರೆಯಲ್ಲಿರುವ ಸೂಕ್ಷ್ಮವಾದ ಜೇಡಿ ನೀರನ್ನು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ನೀರನ್ನು ಹಿಡಿದಿಡುವ ಗುಣ ಮತ್ತು ಬಿರುಕು ಬಿಡುವ ಗುಣ, ಎರಡಕ್ಕೂ ಮೂಲ ಒಂದೇ. ಇದನ್ನು ಅರಿತವನಿಗೆ ಎರಡು ವಾಕ್ಯಗಳನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡುವ ಶ್ರಮವೇ ಉಳಿಯುವುದಿಲ್ಲ.

ವಿಜ್ಞಾನದ ಪಾಠಕ್ಕೂ ಇದೇ ಮಾತು ಸಲ್ಲುತ್ತದೆ. ‘ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾಗಳು ವಾಸಿಸಿ ಸಾರಜನಕವನ್ನು ಸ್ಥಿರೀಕರಿಸುತ್ತವೆ’ ಎಂದು ಪುಸ್ತಕ ಹೇಳುತ್ತದೆ. ತೊಗರಿ, ಉದ್ದು, ಹೆಸರು, ಸೋಯಾ ಬೆಳೆಯುವ ಈ ಸೀಮೆಯಲ್ಲಿ ಆ ಬೇರುಗಂಟುಗಳಿಗೆ ಬರವಿಲ್ಲ. ಬಿತ್ತಿದ ಒಂದೆರಡು ತಿಂಗಳ ಅನಂತರ ಒಂದು ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಅಗೆದು ಬೇರನ್ನು ತೊಳೆದು ನೋಡಿದರೆ ಸಾಕು. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಬಣ್ಣ ಕಂಡರೆ ಅದು ಕೆಲಸ ಮಾಡುತ್ತಿರುವ ಗಂಟು. ಹೀಗೆ ಕಂಡವನು ಜೋಳದ ನಡುವೆ ತೊಗರಿಯ ಸಾಲುಗಳನ್ನು ಹಾಕುವ ಹಿರಿಯರ ಪದ್ಧತಿಯಲ್ಲಿ ಒಂದು ವಿವೇಕವಿದೆ ಎಂಬುದನ್ನು ತಾನೇ ಊಹಿಸಬಲ್ಲನು. ಕಾಣದವನಿಗೆ ರೈಜೋಬಿಯಂ ಎಂಬುದು ಕಾಗುಣಿತ ತಪ್ಪಬಾರದ ಒಂದು ಕಠಿಣ ಪದ ಮಾತ್ರ.

ಇನ್ನು ಇತಿಹಾಸ. ಇಂದಿನ ಬಸವಕಲ್ಯಾಣವು ಹನ್ನೊಂದು ಮತ್ತು ಹನ್ನೆರಡನೆಯ ಶತಮಾನಗಳಲ್ಲಿ ಚಾಲುಕ್ಯರ ರಾಜಧಾನಿಯಾಗಿತ್ತು. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಸಿಂಹಾಸನವನ್ನೇರಿ ಶಕವರ್ಷದ ಬದಲಿಗೆ ಚಾಲುಕ್ಯ ವಿಕ್ರಮವರ್ಷ ಎಂಬ ಹೊಸ ಗಣನೆಯನ್ನು ಆರಂಭಿಸಿದನು ಎಂಬುದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ನೆನಪಿಡುತ್ತಾರೆ. ಆದರೆ ‘ಒಂದು ಶಾಸನದಲ್ಲಿ ವಿಕ್ರಮವರ್ಷ 37 ಎಂದಿದೆ, ಅದು ಕ್ರಿಸ್ತಶಕ ಎಷ್ಟು?’ ಎಂದು ಕೇಳಿದರೆ ಹಲವರು 1076ಕ್ಕೆ 37ನ್ನು ಕೂಡಿಸಿ 1113 ಎಂದು ಬರೆದುಬಿಡುತ್ತಾರೆ. 1076 ಆ ಗಣನೆಯ ಮೊದಲನೆಯ ವರ್ಷ, ಸೊನ್ನೆಯ ವರ್ಷವಲ್ಲ. ಆದುದರಿಂದ 1075ಕ್ಕೆ ಕೂಡಿಸಬೇಕು, ಉತ್ತರ 1112 ಎಂಬುದು ಯೋಚಿಸಿದವನಿಗೆ ಮಾತ್ರ ತಿಳಿಯುತ್ತದೆ. ಇಟಗಿಯ ಪ್ರಸಿದ್ಧ ಮಹಾದೇವ ದೇವಾಲಯ ನಿರ್ಮಾಣವಾದುದು ಅದೇ ವರ್ಷ. ಇಸವಿಯನ್ನು ನೆನಪಿಟ್ಟವರು ಇಬ್ಬರೂ ಹೌದು. ಆದರೆ ಅದನ್ನು ಬಳಸಬಲ್ಲವನು ಒಬ್ಬನೇ.

ಹುಮನಾಬಾದಕ್ಕೆ ಸಮೀಪದ ಜಲಸಂಗ್ವಿ ಗ್ರಾಮದಲ್ಲಿ ಚಾಲುಕ್ಯರ ಕಾಲದ ಶಿವಾಲಯವೊಂದಿದೆ. ಅದರ ಹೊರಗೋಡೆಯಲ್ಲಿ ಹಲಗೆಯೊಂದರ ಮೇಲೆ ಅಕ್ಷರಗಳನ್ನು ಬರೆಯುತ್ತಿರುವ ಚೆಲುವೆಯೊಬ್ಬಳ ಶಿಲ್ಪವಿದೆ. ಅವಳನ್ನು ಶಾಸನಸುಂದರಿ ಎಂದು ಕರೆಯುತ್ತಾರೆ. ಅವಳು ಬರೆಯುತ್ತಿರುವುದು ವಿಕ್ರಮಾದಿತ್ಯನ ಹೊಗಳಿಕೆ. ‘ಶಾಸನಸುಂದರಿಯ ಶಿಲ್ಪ ಎಲ್ಲಿದೆ?’ ಎಂಬ ಪ್ರಶ್ನೆಗೆ ಒಂದು ಪದದ ಉತ್ತರ ಬರೆದರೆ ಒಂದು ಅಂಕ ದೊರೆಯುತ್ತದೆ. ಆ ಕಾಲದ ಶಿಲ್ಪಿ ಓದುಬರಹ ಬಲ್ಲ ಹೆಣ್ಣನ್ನು ಏಕೆ ಚಿತ್ರಿಸಿದನು, ಅರಸನ ಹೊಗಳಿಕೆಯನ್ನು ಅವಳ ಕೈಯಿಂದ ಏಕೆ ಬರೆಸಿದನು, ಅಂದು ಎಷ್ಟು ಮಂದಿ ಹೆಣ್ಣುಮಕ್ಕಳಿಗೆ ನಿಜವಾಗಿ ಅಕ್ಷರ ದೊರೆತಿದ್ದೀತು ಎಂಬ ಪ್ರಶ್ನೆಗಳಿಗೆ ಅಂಕವಿಲ್ಲ. ಇತಿಹಾಸವೆಂಬುದು ಮೊದಲಾಗುವುದೇ ಇಂತಹ ಪ್ರಶ್ನೆಗಳಿಂದ.

ಕಲ್ಯಾಣವೇ ಇಂತಹ ಪ್ರಶ್ನೆಗಳಿಗೆ ನೆಲೆಯಾಗಿದ್ದ ನಗರ. ವಿಕ್ರಮಾದಿತ್ಯನ ಕಾಲದಲ್ಲಿ ಇಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಸ್ಮೃತಿಯ ಶ್ಲೋಕಗಳನ್ನು ಕಂಠಪಾಠ ಮಾಡಿದ್ದ ಪಂಡಿತರಿಗೆ ಅಂದು ಕೊರತೆಯಿರಲಿಲ್ಲ. ‘ಸಪಿಂಡ’ ಎಂಬ ಪದ ಅವರೆಲ್ಲರ ಬಾಯಲ್ಲಿಯೂ ಇತ್ತು. ಪಿಂಡವೆಂದರೆ ಶ್ರಾದ್ಧದಲ್ಲಿ ಇಡುವ ಅನ್ನದ ಉಂಡೆ ಎಂಬ ಅರ್ಥಕ್ಕೆ ತೃಪ್ತನಾಗದೆ, ಇಲ್ಲಿ ಪಿಂಡವೆಂದರೆ ಶರೀರ, ಒಂದೇ ಶರೀರದ ಅಂಶವನ್ನು ಹಂಚಿಕೊಂಡವರೇ ಸಪಿಂಡರು ಎಂದು ವಿಜ್ಞಾನೇಶ್ವರನು ವಿವರಿಸಿದನು. ಒಂದು ಪದದ ಅರ್ಥದ ಮೇಲೆ ಆಸ್ತಿಯ ಹಕ್ಕಿನ ವಿಚಾರವೇ ನಿಂತಿತ್ತು. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಮಿತಾಕ್ಷರಾ ಪದ್ಧತಿಯೇ ನಡೆದುಬಂದಿತು. ಕಾಲ ಬದಲಾದಾಗ ಅದನ್ನೂ ಮರುಪರಿಶೀಲಿಸಿ, 2005ರ ತಿದ್ದುಪಡಿಯ ಮೂಲಕ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕನ್ನು ನೀಡಲಾಯಿತು. ಅರ್ಥವನ್ನು ತಿಳಿದವರು ನಿಯಮವನ್ನು ಮುಂದುವರಿಸಬಲ್ಲರು, ಅಗತ್ಯವಾದಾಗ ತಿದ್ದಲೂ ಬಲ್ಲರು. ಮಾತನ್ನಷ್ಟೇ ಬಲ್ಲವರಿಂದ ಎರಡೂ ಆಗದು.

ಅನಂತರದ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಬಸವಣ್ಣನವರೂ ಅಲ್ಲಮಪ್ರಭುಗಳೂ ನಡೆಸಿದ ಗೋಷ್ಠಿಯನ್ನು ಪರಂಪರೆಯು ಅನುಭವಮಂಟಪ ಎಂದು ಕರೆಯುತ್ತದೆ. ಆ ಹೆಸರೇ ಅರ್ಥಗರ್ಭಿತವಾದುದು. ಅಲ್ಲಿ ಬೆಲೆಯಿದ್ದುದು ಅನುಭವಕ್ಕೆ, ಒಪ್ಪಿಸಿದ ಪಾಠಕ್ಕಲ್ಲ. ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ ತಮ್ಮ ಕಾಯಕದಿಂದ ಕಂಡುದನ್ನು ತಮ್ಮ ಮಾತಿನಲ್ಲಿಯೇ ಹೇಳಿದರು. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಅವಳನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಒರೆಗೆ ಹಚ್ಚಿದರು ಎಂದು ಶೂನ್ಯಸಂಪಾದನೆ ಚಿತ್ರಿಸುತ್ತದೆ. ಆ ಪ್ರಶ್ನೆಗಳಿಗೆ ಮೊದಲೇ ಸಿದ್ಧಪಡಿಸಿದ ಉತ್ತರಗಳಿರಲಿಲ್ಲ. ಹೀಗಿರುವಾಗ, ಅದೇ ಶರಣರ ಬಗೆಗಿನ ಪಾಠವು ‘ಅಂಕಿತನಾಮ ಯಾವುದು? ಜನ್ಮಸ್ಥಳ ಯಾವುದು?’ ಎಂಬ ಎರಡು ಪ್ರಶ್ನೆಗಳಿಗೆ ಇಳಿದುಬಿಟ್ಟರೆ ಅದು ವಿಷಾದದ ಸಂಗತಿಯಲ್ಲವೇ? ಅಂಕಿತನಾಮವನ್ನು ತಿಳಿದಿರಬೇಕು, ನಿಜ. ಆದರೆ ಕಾಯಕವನ್ನು ಹಿರಿದೆಂದ ವಚನವನ್ನು ತಪ್ಪಿಲ್ಲದೆ ಒಪ್ಪಿಸಿದ ವಿದ್ಯಾರ್ಥಿಯು ಶಾಲೆಯ ಅಂಗಳವನ್ನು ಗುಡಿಸುವವರನ್ನು ಕೀಳಾಗಿ ಕಂಡರೆ, ಅವನು ವಚನವನ್ನು ಓದಿದ್ದಾನೆ ಎನ್ನಲು ಸಾಧ್ಯವಿಲ್ಲ.

ಅರಿವಿಗೆ ಅಡ್ಡಿಯಾಗುವುದು ಸೋಮಾರಿತನವೊಂದೇ ಅಲ್ಲ. ಅರ್ಥವಾಗದ ಭಾಷೆಯಲ್ಲಿ ಪಾಠ ನಡೆದರೆ ಎಂತಹ ಶ್ರಮಜೀವಿಯೂ ಬಾಯಿಪಾಠಕ್ಕೆ ಶರಣಾಗಬೇಕಾಗುತ್ತದೆ. ಈ ಸೀಮೆ ಅದನ್ನು ಅನುಭವಿಸಿ ಬಲ್ಲದು. 1948ರವರೆಗೆ ಬೀದರ ಜಿಲ್ಲೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದಲ್ಲಿಯೂ ಶಿಕ್ಷಣದಲ್ಲಿಯೂ ಉರ್ದು ಭಾಷೆಗೇ ಪ್ರಾಧಾನ್ಯ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ನೀಡಿತು. ಉರ್ದು ಮನೆಮಾತಾಗಿದ್ದವರಿಗೆ ಇದರಿಂದ ವಿಜ್ಞಾನವೂ ಶಾಸ್ತ್ರಗಳೂ ಹತ್ತಿರವಾದುವು. ಅದು ದೊಡ್ಡ ಸಾಹಸವೇ ಸರಿ. ಆದರೆ ಅದೇ ಅನುಕೂಲ ಕನ್ನಡ ಮನೆಮಾತಿನ ಮಕ್ಕಳಿಗೆ ದೊರೆಯಲಿಲ್ಲ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು. ದೋಷ ಉರ್ದು ಭಾಷೆಯದಲ್ಲ. ಕಲಿಯುವವನ ಭಾಷೆಯನ್ನು ಕಡೆಗಣಿಸಿದ ವ್ಯವಸ್ಥೆಯದು. ನೆರೆಯ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಆ ದಿನಗಳಲ್ಲಿ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡದಲ್ಲಿ ಪಾಠ ಹೇಳಿಸಿದರು. ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಪಾಠ ನಡೆಯಬೇಕೆಂಬುದಕ್ಕಾಗಿ ಅವರು ಅಷ್ಟು ಎದುರಿಸಬೇಕಾಯಿತು. ಇಂದು ಅಂತಹ ನಿರ್ಬಂಧವಿಲ್ಲ. ಆದರೂ ಇಂಗ್ಲಿಷ್ ಮಾಧ್ಯಮದ ಹೆಸರಿನಲ್ಲಿ ಅರ್ಥವಾಗದ ವಾಕ್ಯಗಳನ್ನು ಮಕ್ಕಳು ಉರು ಹೊಡೆಯುವುದುಂಟು. ಇಂಗ್ಲಿಷನ್ನು ಕಲಿಯಬೇಕು, ಚೆನ್ನಾಗಿಯೇ ಕಲಿಯಬೇಕು. ಆದರೆ ಅರ್ಥವನ್ನು ಬಲಿಕೊಟ್ಟು ಕಲಿತ ಇಂಗ್ಲಿಷ್ ಇಂಗ್ಲಿಷೂ ಆಗುವುದಿಲ್ಲ, ವಿದ್ಯೆಯೂ ಆಗುವುದಿಲ್ಲ.

ಈ ತೊಂದರೆ ಒಂದು ಸೀಮೆಗೋ ಒಂದು ದೇಶಕ್ಕೋ ಸೀಮಿತವಾದುದಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಬ್ರೆಜಿಲ್ ದೇಶದ ರಿಯೊ ನಗರದಲ್ಲಿ ಪಾಠ ಹೇಳಿದರು. ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಧ್ರುವೀಕೃತವಾಗಿರುತ್ತದೆ, ಅಂದರೆ ಅದರ ಕಂಪನ ಒಂದೇ ದಿಕ್ಕಿಗೆ ಕಟ್ಟುಬಿದ್ದಿರುತ್ತದೆ, ಎಂಬ ನಿಯಮವನ್ನು ಅಲ್ಲಿಯ ವಿದ್ಯಾರ್ಥಿಗಳು ಥಟ್ಟನೆ ಹೇಳಬಲ್ಲವರಾಗಿದ್ದರು. ಆದರೆ ಕಿಟಕಿಯಾಚೆ ಕಾಣುವ ಕಡಲಿನ ನೀರಿನಿಂದ ಪ್ರತಿಫಲಿಸುವ ಬೆಳಕೂ ಅಂತಹುದೇ, ಕೈಯಲ್ಲಿರುವ ಪೋಲರಾಯ್ಡ್ ಹಾಳೆಯನ್ನು ತಿರುಗಿಸಿ ನೋಡಿದರೆ ಅದು ಗೋಚರವಾಗುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಅದಕ್ಕೆ ಸುಮಾರು ಮೂವತ್ತು ವರ್ಷಗಳ ಮೊದಲೇ, 1921ರಲ್ಲಿ, ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುತ್ತಿದ್ದ ಸಿ. ವಿ. ರಾಮನ್ ಇದೇ ನಿಯಮವನ್ನು ಕಡಲಿನ ಮೇಲೆಯೇ ಪ್ರಯೋಗಿಸಿದ್ದರು. ಕಡಲು ನೀಲಿಯಾಗಿ ಕಾಣುವುದು ಆಕಾಶದ ಬಣ್ಣದ ಪ್ರತಿಫಲನದಿಂದ ಎಂದು ಲಾರ್ಡ್ ರ‍್ಯಾಲೆ ಎಂಬ ಮಹಾವಿಜ್ಞಾನಿ ಹೇಳಿದ್ದರು. ರಾಮನ್ ಆ ಮಾತನ್ನು ಬಲ್ಲವರಾಗಿದ್ದರು. ಆದರೆ ಒಪ್ಪಿಸಿ ಸುಮ್ಮನಾಗಲಿಲ್ಲ. ತಮ್ಮಲ್ಲಿದ್ದ ಪುಟ್ಟ ನಿಕಾಲ್ ಪಟ್ಟಕದ ಮೂಲಕ ತಕ್ಕ ಕೋನದಲ್ಲಿ ನೋಡಿ ಮೇಲ್ಮೈಯ ಪ್ರತಿಫಲನವನ್ನು ಅಡಗಿಸಿದರು. ಪ್ರತಿಫಲನವೇ ಕಾರಣವಾಗಿದ್ದರೆ ನೀಲಿ ಮಾಯವಾಗಬೇಕಾಗಿತ್ತು; ಅದು ಮತ್ತಷ್ಟು ನಿಚ್ಚಳವಾಗಿ ಕಾಣಿಸಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ಆಲೋಚನೆ ಅಲ್ಲಿಂದ ಬಲಗೊಂಡು 1928ರ ‘ರಾಮನ್ ಪರಿಣಾಮ’ದ ಕಡೆಗೆ ದಾರಿಮಾಡಿತು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ನಿಯಮ ಒಂದೇ, ಒಂದೆಡೆ ಅದು ನೋಟುಬುಕ್ಕಿನಲ್ಲಿ ಮಲಗಿತ್ತು, ಇನ್ನೊಂದೆಡೆ ಕಣ್ಣಾಗಿ ಕೆಲಸ ಮಾಡಿತು.

ಹಾಗೆಂದು ನೆನಪನ್ನು ಹಳಿಯುವುದು ಸರಿಯಲ್ಲ. ರಾಮನ್ನರಿಗೆ ರ‍್ಯಾಲೆಯ ಮಾತು ನೆನಪಿಲ್ಲದಿದ್ದರೆ ಅದನ್ನು ಪರೀಕ್ಷಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಮಗ್ಗಿ ಬಾರದ ಹುಡುಗನು ಬೀಜಗಣಿತದ ಲೆಕ್ಕದಲ್ಲಿ ಹೆಜ್ಜೆಹೆಜ್ಜೆಗೂ ಎಡವುತ್ತಾನೆ. ಅವನ ಬುದ್ಧಿಯೆಲ್ಲ ಗುಣಾಕಾರದಲ್ಲಿಯೇ ವ್ಯಯವಾಗಿ, ಲೆಕ್ಕದ ಮರ್ಮವನ್ನು ಯೋಚಿಸಲು ಏನೂ ಉಳಿಯುವುದಿಲ್ಲ. ಹಿಂದಿನ ಮಕ್ಕಳು ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಕಲಿಯುತ್ತಿದ್ದರು. ಅದರಿಂದ ಸಂತೆಯ ಲೆಕ್ಕ ಬಾಯಲ್ಲಿಯೇ ಮುಗಿಯುತ್ತಿತ್ತು. ಒಳ್ಳೆಯ ಪದ್ಯವನ್ನು ಕಂಠಸ್ಥ ಮಾಡಿಕೊಂಡವನಿಗೆ ಅದು ಜೀವನದುದ್ದಕ್ಕೂ ಜೊತೆಯಾಗಿರುತ್ತದೆ. ಇಂದು ಅರ್ಧ ತಿಳಿದ ಸಾಲು ಹತ್ತು ವರ್ಷಗಳ ಅನಂತರ ಪೂರ್ತಿ ತಿಳಿಯುವುದೂ ಉಂಟು. ಬೇಕಾದುದೆಲ್ಲ ಮೊಬೈಲಿನಲ್ಲಿ ದೊರೆಯುವಾಗ ನೆನಪೇಕೆ ಎಂಬ ವಾದ ಈಚೆಗೆ ಕೇಳಿಬರುತ್ತದೆ. ಏನನ್ನೂ ನೆನಪಿಡದವನಿಗೆ ಏನನ್ನು ಹುಡುಕಬೇಕೆಂಬುದೂ ತಿಳಿಯದು, ದೊರೆತುದು ನಿಜವೋ ಸುಳ್ಳೋ ಎಂದು ತೂಗಿ ನೋಡಲೂ ಆಗದು. ಆದುದರಿಂದ ನೆನಪು ಬೇಕು. ಅದು ಅರಿವಿನ ಕೈಗೆ ಉಪಕರಣವಾಗಿರಬೇಕು. ಅರಿವಿನ ಪೀಠವನ್ನು ತಾನೇ ಏರಿ ಕೂಡಬಾರದು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆಯನ್ನು ಎದುರಿಸಲೇಬೇಕು. ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದಾಗ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹಲವು ವರ್ಷಗಳಲ್ಲಿ ಪಟ್ಟಿಯ ಕೆಳಭಾಗದಲ್ಲಿ ಕಾಣಿಸಿಕೊಂಡಿವೆ. ಆಗ ‘ಪಾಸಿಂಗ್ ಪ್ಯಾಕೇಜ್’ ಎಂಬ ಕೈಪಿಡಿಗಳೂ ಮತ್ತೆ ಮತ್ತೆ ಬರುವ ಪ್ರಶ್ನೆಗಳ ಪಟ್ಟಿಗಳೂ ಮಕ್ಕಳ ಕೈಸೇರುತ್ತವೆ. ಕೂಲಿ ಮಾಡುವ ತಾಯಿಗೆ ಮಗಳು ತೇರ್ಗಡೆಯಾಗುವುದೇ ದೊಡ್ಡದು. ಅನುತ್ತೀರ್ಣಳಾದ ಹುಡುಗಿಯ ಓದು ಅಲ್ಲಿಗೇ ನಿಂತು, ಬಾಲ್ಯ ಮುಗಿಯುವ ಮುನ್ನವೇ ಮದುವೆಯ ಮಾತು ಆರಂಭವಾಗಬಹುದು. ಅಂತಹ ಮನೆಯವರಿಗೆ ‘ಅಂಕ ಮುಖ್ಯವಲ್ಲ’ ಎಂದು ಉಪದೇಶಿಸುವುದು ಹೊಟ್ಟೆ ತುಂಬಿದವರ ಮಾತಾಗುತ್ತದೆ. ಅಂಕ ಅವರಿಗೆ ಏಣಿಯ ಮೆಟ್ಟಿಲು.

ಆದರೆ ಈ ವಾದವು ಒಂದು ಮೆಟ್ಟಿಲಿಗೆ ಮಾತ್ರ ಸಲ್ಲುತ್ತದೆ. ಪ್ರಶ್ನೆಯ ರೂಪ ತುಸು ಬದಲಾದರೂ ಉರು ಹೊಡೆದ ಉತ್ತರ ಕೈಕೊಡುತ್ತದೆ. ತೇರ್ಗಡೆಯಾಗಿ ಮುಂದಿನ ತರಗತಿಗೆ ಹೋದರೆ, ಹಿಂದಿನ ಪಾಠದ ಅರ್ಥದ ಮೇಲೆ ನಿಂತ ಹೊಸ ಪಾಠ ಎದುರಾಗುತ್ತದೆ. ತಳಪಾಯವಿಲ್ಲದ ಗೋಡೆ ಎಷ್ಟು ಎತ್ತರ ನಿಂತೀತು? ಸಂವಿಧಾನದ 371(ಜೆ) ವಿಧಿಯು ಈ ಭಾಗದ ಮಕ್ಕಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಗೆ ದಾರಿ ತೆರೆದಿದೆ. ಆ ಬಾಗಿಲನ್ನು ದಾಟಿದವರು ಒಳಗೆ ನಿಂತು ಗೆಲ್ಲಬೇಕಾದರೆ ಅರಿವೇ ಆಧಾರ. ನಗರದ ಅನುಕೂಲಸ್ಥರ ಮಗನಿಗೆ ಅರ್ಥವನ್ನು ಬಿಡಿಸಿ ಹೇಳಲು ಬೇರೆ ಏರ್ಪಾಡುಗಳಿರುತ್ತವೆ. ಹಳ್ಳಿಯ ಬಡ ಹುಡುಗಿಗೆ ಇರುವುದು ಶಾಲೆಯೊಂದೇ. ಆದುದರಿಂದ ಅರ್ಥ ತಿಳಿದು ಕಲಿಯುವ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಅವಳಿಗೆ ಇದೆ. ಬಡವರಿಗೆ ಬಾಯಿಪಾಠ ಸಾಕು ಎಂಬ ಕರುಣೆ ನಿಜವಾದ ಕರುಣೆಯಲ್ಲ.

ಈ ವಿಚಾರ ಹೊಸದೇನೂ ಅಲ್ಲ. ಪ್ರೊಫೆಸರ್ ಯಶಪಾಲರ ಅಧ್ಯಕ್ಷತೆಯ ಸಮಿತಿಯು 1993ರ ತನ್ನ ವರದಿಯಲ್ಲಿ, ಮಕ್ಕಳ ಬೆನ್ನಿನ ಚೀಲದ ಭಾರಕ್ಕಿಂತ ಅರ್ಥವಾಗದೆ ಓದುವ ಭಾರವೇ ಹೆಚ್ಚು ಹಾನಿಕರ ಎಂಬ ಅಭಿಪ್ರಾಯವನ್ನು ಮುಂದಿಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಂಠಪಾಠದಿಂದ ದೂರ ಸರಿಯಬೇಕೆಂದು ಹೇಳಿದುವು. ವರದಿಗಳಿಂದಲೇ ತರಗತಿ ಬದಲಾಗುವುದಿಲ್ಲ. ಪ್ರಶ್ನೆಪತ್ರಿಕೆಯು ನೆನಪನ್ನಷ್ಟೇ ಕೇಳುತ್ತಿರುವವರೆಗೆ ಶಿಕ್ಷಕರೂ ವಿದ್ಯಾರ್ಥಿಗಳೂ ನೆನಪಿನ ಹಾದಿಯನ್ನೇ ಹಿಡಿಯುತ್ತಾರೆ. ‘ವಿಕ್ರಮವರ್ಷ ಯಾವಾಗ ಆರಂಭವಾಯಿತು?’ ಎಂಬುದರ ಜೊತೆಗೆ ‘ಈ ಶಾಸನದ ಕಾಲವನ್ನು ಕಂಡುಹಿಡಿಯಿರಿ’ ಎಂದು ಕೇಳುವ ಪ್ರಶ್ನೆಪತ್ರಿಕೆ ಬಂದ ದಿನ ಪಾಠ ಹೇಳುವ ಕ್ರಮವೂ ತಾನಾಗಿ ಬದಲಾಗುತ್ತದೆ.

ಅಲ್ಲಿಯವರೆಗೆ ವಿದ್ಯಾರ್ಥಿ ಕೈಕಟ್ಟಿ ಕೂಡಬೇಕಾಗಿಲ್ಲ. ತನ್ನ ಅರಿವನ್ನು ತಾನೇ ಪರೀಕ್ಷಿಸಿಕೊಳ್ಳುವ ಉಪಾಯಗಳಿಗೆ ಹಣವೂ ಬೇಡ, ಯಾರ ಅಪ್ಪಣೆಯೂ ಬೇಡ. ಓದಿದ ಪಾಠವನ್ನು ಪುಸ್ತಕ ಮುಚ್ಚಿ ಮನೆಮಾತಿನಲ್ಲಿ ತಂಗಿಗೋ ತಮ್ಮನಿಗೋ ಹೇಳಿ ನೋಡಬೇಕು, ಅವರು ‘ಯಾಕ?’ ಎಂದು ಕೇಳಿದಾಗ ಉತ್ತರ ಹೊರಡದಿದ್ದರೆ, ಎಲ್ಲಿ ತಿಳಿದಿಲ್ಲ ಎಂಬುದು ಕೂಡಲೇ ಗೊತ್ತಾಗುತ್ತದೆ. ಪುಸ್ತಕ ಕೊಟ್ಟ ಉದಾಹರಣೆಯನ್ನು ಬಿಟ್ಟು ಊರಿನಿಂದ ಒಂದು ಉದಾಹರಣೆಯನ್ನು ಹುಡುಕಬೇಕು. ನಿಯಮವನ್ನು ಕಲಿತಾಗ ಅದು ಎಲ್ಲಿ ಅನ್ವಯಿಸುವುದಿಲ್ಲ ಎಂದೂ ಯೋಚಿಸಬೇಕು. ತಿಳಿಯದುದನ್ನು ತರಗತಿಯಲ್ಲಿ ಎದ್ದುನಿಂತು ಕೇಳಲು ನಾಚಬಾರದು; ಕೇಳಿದವನನ್ನು ಕಂಡು ನಗುವ ಗೆಳೆಯರಿಗೂ ಹೆಚ್ಚಿನ ವೇಳೆ ಅದು ತಿಳಿದಿರುವುದಿಲ್ಲ.

ಹೀಗೆ ಕಲಿತವರು ನಾಳೆ ರೈತರಾಗಬಹುದು, ದಾದಿಯರಾಗಬಹುದು, ಶಿಕ್ಷಕರಾಗಬಹುದು. ಮಳೆ ತಡವಾದ ವರ್ಷ ಯಾವ ಬೆಳೆಯನ್ನು ಬಿತ್ತಬೇಕು, ಔಷಧದ ಪ್ರಮಾಣವನ್ನು ಮಗುವಿನ ತೂಕಕ್ಕೆ ತಕ್ಕಂತೆ ಹೇಗೆ ಕಡಿಮೆ ಮಾಡಬೇಕು, ಸಾಲದ ಪತ್ರಕ್ಕೆ ಹೆಬ್ಬೆರಳೊತ್ತುವ ಮುನ್ನ ಬಡ್ಡಿ ಎಷ್ಟಾಯಿತು ಎಂಬ ಪ್ರಶ್ನೆಗಳು ಆಗ ಎದುರಾಗುತ್ತವೆ. ಅವು ಯಾವ ಪ್ರಶ್ನೆಕೋಶದಲ್ಲಿಯೂ ಇರುವುದಿಲ್ಲ. ಅಂದು ಅವರ ಬಳಿಯಲ್ಲಿರುವುದು ಅವರು ಅರಿತುಕೊಂಡದ್ದು ಮಾತ್ರ.